ಶೆಡ್‌ನಲ್ಲಿದ್ದ ಪಿವಿಸಿ ಪೈಪ್ ಬಾಗಿದೆ, ಸಲ್ಯೂಷನ್ ಗಟ್ಟಿಯಾಗಿದೆ. ಯಾವುದನ್ನು ಉಳಿಸಬಹುದು?

ಅರ್ಧ ಇಂಚು:

ನಮಸ್ಕಾರ ಎಲ್ಲರಿಗೂ. ಅರ್ಧಕ್ಕೆ ನಿಂತಿದ್ದ ಪೈಪ್‌ಲೈನ್ ಕೆಲಸವನ್ನು ಎಂಟು ತಿಂಗಳ ನಂತರ ಮತ್ತೆ ಹಿಡಿದಿದ್ದೇನೆ. ಸಾಮಾನೆಲ್ಲ ಆಗಲೇ ತಂದು ತಗಡಿನ ಶೆಡ್‌ಗೆ ತುಂಬಿದ್ದೆ. ಪ್ಲಾಸ್ಟಿಕ್ ತಾನೇ, ತುಕ್ಕು ಹಿಡಿಯಲ್ಲ, ಗೆದ್ದಲು ತಿನ್ನಲ್ಲ, ಎಲ್ಲಿಗೆ ಹೋಗುತ್ತದೆ ಅಂತ ಧೈರ್ಯ. ಮೊನ್ನೆ ಬಾಗಿಲು ತೆಗೆದು ನೋಡಿದ ಮೇಲೆ ಆ ಧೈರ್ಯ ಉಳಿದಿಲ್ಲ.

ಪಿವಿಸಿ ಪೈಪ್ 6 ಮೀಟರ್ ಉದ್ದದವು, ಸುಮಾರು 40 ಇವೆ. ಶೆಡ್ ಅಷ್ಟು ಉದ್ದ ಇಲ್ಲದ ಕಾರಣ ಅರ್ಧ ಒಳಗೆ, ಅರ್ಧ ಹೊರಗೆ. ಆ ತುದಿಗೊಂದು ಈ ತುದಿಗೊಂದು ಇಟ್ಟಿಗೆ ಕೊಟ್ಟು ಮಲಗಿಸಿದ್ದೆ. ಹೊರಗಿದ್ದ ಭಾಗಕ್ಕೆ ಕಪ್ಪು ಪ್ಲಾಸ್ಟಿಕ್ ಶೀಟ್ ಬಿಗಿಯಾಗಿ ಸುತ್ತಿದ್ದೆ, ಆದರೆ ಶೀಟ್ ಸಾಲದೆ ಕೊನೆಯ ಎರಡಡಿ ಬಿಸಿಲಿಗೇ ಬಿಟ್ಟುಹೋಗಿತ್ತು. ಈಗ ನಡು ಭಾಗ ತೊಟ್ಟಿಲಿನ ಹಾಗೆ ಜೋತಿದೆ, ಬಿಸಿಲಿಗೆ ಬಿದ್ದ ತುದಿ ಬಿಳಿಚಿಕೊಂಡಿದೆ. ಬೆರಳಿನಿಂದ ಉಜ್ಜಿದರೆ ಸುಣ್ಣದಂಥ ಪುಡಿ ಬರುತ್ತದೆ.

ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪಿವಿಸಿ) ಪೈಪ್ ಬೇರೆ ಕಟ್ಟಿನಲ್ಲಿದೆ, ನೋಡಲು ಚೆನ್ನಾಗೇ ಇದೆ. ಉರುಳಿ ಹೋಗದಿರಲಿ ಅಂತ ಹಳೆ ಕರೆಂಟ್ ವೈರಿನಿಂದ ಬಿಗಿದು ಕಟ್ಟಿದ್ದೆ. ಎಲ್ಬೋ, ಟೀ, ಕಪ್ಲರ್ ಎಲ್ಲ ಒಂದೇ ಗೋಣಿಚೀಲದಲ್ಲಿವೆ.

ಪೈಪ್ ಜೋಡಿಸುವ ಸಲ್ಯೂಷನ್ ಡಬ್ಬಿ ಮೂರು. ಒಂದನ್ನು ತೆರೆದು ಬಳಸಿದ್ದೆ, ಅದು ಜೆಲ್ಲಿ ಆಗಿದೆ. ಇನ್ನೊಂದು ಸ್ವಲ್ಪ ಮಂದವಾಗಿದೆ. ಮೂರನೆಯದು ಸೀಲ್ ಒಡೆದಿಲ್ಲ. ಜೆಲ್ಲಿ ಆಗಿದ್ದಕ್ಕೆ ಪ್ರೈಮರ್ (ಸಲ್ಯೂಷನ್‌ಗೆ ಮೊದಲು ಪೈಪ್‌ಗೆ ಹಚ್ಚುವ ದ್ರವ) ಸೇರಿಸಿ ಕಲಸಿ, ಉಳಿದದ್ದನ್ನು ಫ್ರಿಜ್‌ನಲ್ಲಿಡಿ ಅಂತ ಪರಿಚಯದವರೊಬ್ಬರು ಹೇಳಿದರು. ಸರಿನಾ? ಇನ್ನೊಂದು ವಿಷಯ, ಶೆಡ್‌ನಲ್ಲಿ ಹತ್ತು ನಿಮಿಷ ನಿಂತರೆ ತಲೆ ಭಾರ ಆಗುತ್ತಿದೆ. ಧೂಳಿಗೆ ಇರಬಹುದು.

ಹಳೇ ಹ್ಯಾಕ್ಸಾ:

ಧೂಳಿಗೆ ಅಲ್ಲ. ಅದನ್ನು ಬಲ್ಲವರು ಹೇಳುತ್ತಾರೆ, ನಾನು ಪೈಪ್ ವಿಷಯಕ್ಕೆ ಬರುತ್ತೇನೆ.

ಬಾಗಿರುವುದಕ್ಕೆ ಕಾರಣ ನೀವೇ ಬರೆದಿದ್ದೀರಿ: ಎರಡೇ ಇಟ್ಟಿಗೆ. 6 ಮೀಟರ್ ಪೈಪ್‌ಗೆ ತುದಿಯಲ್ಲಿ ಎರಡು ಆಸರೆ ಕೊಟ್ಟು ಮೇಲೆ ಇನ್ನಷ್ಟು ಪೈಪ್ ಹೇರಿದರೆ ನಡು ಜೋಲದೆ ಏನು ಮಾಡುತ್ತದೆ? ಪಿವಿಸಿ ಬಿಸಿಯಾದಷ್ಟೂ ಮೆತ್ತಗಾಗುತ್ತದೆ. 80 ಡಿಗ್ರಿ ಹತ್ತಿರ ಬಂದರೆ ಪೂರ್ತಿ ಬಳುಕುತ್ತದೆ, ಆದರೆ ಜೋಲಲು ಅಷ್ಟು ಬಿಸಿಯೇನೂ ಬೇಡ, ತಗಡಿನ ಕೆಳಗಿನ ಸೆಕೆ, ಮೇಲಿನ ಭಾರ, ಎಂಟು ತಿಂಗಳು, ಇಷ್ಟು ಸಾಕು. ಕಪ್ಪು ಶೀಟ್ ಬಿಗಿದು ಸುತ್ತಿದ್ದು ಇನ್ನೊಂದು ತಪ್ಪು. ಬಿಸಿಲು ತಡೆದಿರಿ ನಿಜ, ಜೊತೆಗೆ ಶಾಖವನ್ನೂ ಒಳಗೇ ಕೂಡಿಹಾಕಿದಿರಿ. ಹೊದಿಕೆ ಬೆಳಕು ತೂರದಂಥದ್ದು ಇರಬೇಕು, ತಿಳಿ ಬಣ್ಣದ್ದಾದರೆ ಒಳ್ಳೆಯದು, ಪೈಪ್‌ಗೆ ಅಂಟದೆ ಮೇಲೆ ಚಪ್ಪರದ ಹಾಗೆ ನಿಲ್ಲಬೇಕು, ಎರಡು ಕಡೆಯಿಂದ ಗಾಳಿ ಆಡಬೇಕು.

ಈಗ ಮಾಡಬೇಕಾದ್ದು: ನೆಲ ಸಮ ಮಾಡಿ, ಕಲ್ಲು ತೆಗೆಯಿರಿ. ಮೀಟರ್‌ಗೊಂದರಂತೆ ಅಗಲವಾದ ಮರದ ರೀಪರ್ ಹಾಕಿ, ಮೂರು ಬೆರಳಿಗಿಂತ ಅಗಲ ಇರಲಿ, ಕಿರಿದಾದರೆ ಅದರ ಅಂಚೇ ಪೈಪ್‌ಗೆ ಒತ್ತುತ್ತದೆ. ಮೊಳೆ ತಲೆ ಹೊರಗೆ ಇರಬಾರದು. ದಪ್ಪ ಪೈಪ್ ಕೆಳಗೆ, ಸಣ್ಣದು ಮೇಲೆ. ಸಾಕೆಟ್ (ಇನ್ನೊಂದು ಪೈಪ್ ಕೂರಲು ಅಗಲ ಮಾಡಿದ ತುದಿ) ಇರುವ ಪೈಪ್ ಆದರೆ ಒಂದು ಸಾಲಿನ ಸಾಕೆಟ್ ಈ ಕಡೆ, ಮುಂದಿನ ಸಾಲಿನದು ಆ ಕಡೆ ಬರಲಿ, ಮತ್ತು ಸಾಕೆಟ್ ಹೊರಗೆ ಚಾಚಿಕೊಂಡಿರಲಿ. ಇಲ್ಲದಿದ್ದರೆ ಭಾರವೆಲ್ಲ ಸಾಕೆಟ್ ಮೇಲೆ ಬಿದ್ದು ಅದು ಮೊಟ್ಟೆಯಾಕಾರ ಆಗುತ್ತದೆ, ಆಮೇಲೆ ಜಾಯಿಂಟ್ ಕೂರಲ್ಲ. ಎತ್ತರ ಒಂದೂವರೆ ಮೀಟರ್ ದಾಟಿಸಬೇಡಿ, ಸೆಕೆ ಇರುವ ಜಾಗ ಆದರೆ ಅದಕ್ಕೂ ಕಡಿಮೆ. ಪಕ್ಕಕ್ಕೆ ಗೂಟ ಕೊಡಿ, ಉರುಳುವ ಪೈಪ್ ರಾಶಿ ಕಾಲು ಮುರಿಯುತ್ತದೆ.

ಬಿಸಿಲು ಒಂದೇ ಪಕ್ಕಕ್ಕೆ ಬಿದ್ದು ಬಿಲ್ಲಿನ ಹಾಗಾದ ಪೈಪ್ ನೆರಳಲ್ಲಿ ತಣಿದರೆ ತಾನೇ ನೆಟ್ಟಗಾಗುತ್ತದೆ. ನಿಮ್ಮದು ಭಾರಕ್ಕೆ ಜೋತದ್ದು, ಸಮ ನೆಲದಲ್ಲಿ ಕೆಲವು ದಿನ ಮಲಗಿಸಿದರೆ ಸ್ವಲ್ಪ ಹಿಂದಕ್ಕೆ ಬರಬಹುದು. ಬಾರದಿದ್ದರೆ ತುಂಡು ಮಾಡಿ ಗಿಡ್ಡ ಲೈನ್‌ಗೆ ಬಳಸಿ. ಬೆಂಕಿ ತೋರಿಸಿ ನೆಟ್ಟಗೆ ಮಾಡಲು ಹೋಗಬೇಡಿ. ಒತ್ತಿ ಹಿಡಿದು ಜಾಯಿಂಟ್ ಮಾಡಲೂಬೇಡಿ. ಬಲವಂತಕ್ಕೆ ಕೂತ ಪೈಪ್ ಆ ಜಾಯಿಂಟನ್ನು ಜೀವಮಾನ ಪೂರ್ತಿ ಎಳೆಯುತ್ತಲೇ ಇರುತ್ತದೆ.

ಸೋರುವ ನಲ್ಲಿ:

ಬಿಳಿಚಿದ ಪೈಪ್ ಎಸೆಯಬೇಕು ಅಂತ ನನ್ನ ಅಭಿಪ್ರಾಯ. ಇನ್ನು ಸಲ್ಯೂಷನ್ ಗಟ್ಟಿಯಾದರೆ ಪೇಂಟ್ ಥಿನ್ನರ್ ಹಾಕಿದರೆ ಆಯಿತು. ನಾನು ವರ್ಷಗಟ್ಟಲೆ ಹಾಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ.

ಹಳೇ ಹ್ಯಾಕ್ಸಾ:

ನಿಮ್ಮ ಹೆಸರೇ ಸಾಕ್ಷಿ ಹೇಳುತ್ತಿದೆ ಸರ್ 🙂

ಬಿಳಿಚಿದ್ದಕ್ಕೆಲ್ಲ ಎಸೆಯಬೇಕಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಪಿವಿಸಿಯ ಮೇಲಿನ ತೆಳು ಪದರವನ್ನು ಮಾತ್ರ ಕೆಡಿಸುತ್ತದೆ. ನೀರಿನ ಒತ್ತಡ ತಡೆಯುವ ಶಕ್ತಿ ಅಷ್ಟಾಗಿ ಇಳಿಯಲ್ಲ. ಇಳಿಯುವುದು ಪೆಟ್ಟು ತಡೆಯುವ ಶಕ್ತಿ. ಅಂದರೆ ಆ ತುದಿಯ ಮೇಲೆ ಸುತ್ತಿಗೆ ಬಿದ್ದರೆ, ಹೂಳುವಾಗ ಕಲ್ಲು ಬಿದ್ದರೆ ಸೀಳುತ್ತದೆ. ಇವರದು ಎರಡಡಿ ಮಾತ್ರ. ಕತ್ತರಿಸಿ ಬಿಸಾಕಿದರೆ ಮುಗಿಯಿತು, 40 ಪೈಪ್ ಯಾಕೆ ಹಾಳು ಮಾಡಬೇಕು? ಕಪ್ಪು ಎಚ್‌ಡಿಪಿಇ (ಪಾಲಿಥೀನ್) ಪೈಪ್ ಆಗಿದ್ದರೆ ಈ ತಲೆನೋವೇ ಇರಲಿಲ್ಲ, ಅದರಲ್ಲಿ ಶೇ. 2ರಿಂದ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಸೇರಿಸಿರುತ್ತಾರೆ, ಬಿಸಿಲನ್ನು ಅದೇ ನುಂಗಿಕೊಳ್ಳುತ್ತದೆ. ಅದರ ಸುರುಳಿ ಬಿಚ್ಚುವಾಗ ಮಾತ್ರ ಎಲ್ಲಾ ಕಟ್ಟನ್ನೂ ಒಟ್ಟಿಗೆ ಕತ್ತರಿಸಬಾರದು, ಸ್ಪ್ರಿಂಗ್ ಹಾಗೆ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಒಮ್ಮೆ ತಿಂದವನ ಮಾತು ಇದು.

ಅರ್ಧ ಇಂಚು ಅವರೇ, ಪ್ರತಿ ಪೈಪ್‌ನ ಎರಡೂ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಲಾರಿಯಿಂದ ಎಸೆದದ್ದು, ನೆಲದ ಮೇಲೆ ಎಳೆದದ್ದು, ಎಲ್ಲದರ ಪೆಟ್ಟು ತುದಿಯಲ್ಲೇ ಕೂತಿರುತ್ತದೆ. ಕೂದಲೆಳೆಯಂಥ ಬಿರುಕು, ಅದರಲ್ಲೂ ಸಿಪಿವಿಸಿಯಲ್ಲಿ. ಬಿರುಕು ಕಂಡರೆ ಅದು ಮುಗಿಯುವ ಜಾಗದಿಂದ ಇನ್ನೂ 5 ಸೆಂಟಿಮೀಟರ್ ಒಳಗೆ ಬಂದು ಕತ್ತರಿಸಿ. ಬಿರುಕಿನ ಹತ್ತಿರಕ್ಕೇ ಕತ್ತರಿಸಿದರೆ ಕಣ್ಣಿಗೆ ಕಾಣದ ಬಾಲ ಉಳಿದಿರುತ್ತದೆ. ಚಳಿಯಲ್ಲಿ ಪೈಪ್ ಗಡುಸಾಗಿರುವಾಗ ರ‍್ಯಾಚೆಟ್ ಕಟರ್‌ಗಿಂತ ಸಣ್ಣ ಹಲ್ಲಿನ ಗರಗಸ ವಾಸಿ.

ಆ ಕರೆಂಟ್ ವೈರ್ ಇವತ್ತೇ ಬಿಚ್ಚಿ. ವೈರಿನ ಮೇಲಿನ ಮೆತ್ತನೆ ಪಿವಿಸಿಯಲ್ಲಿ ಅದನ್ನು ಮೆತ್ತಗಿಡಲು ಪ್ಲಾಸ್ಟಿಸೈಸರ್ ಅಂತ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಅದು ನಿಧಾನಕ್ಕೆ ಜಿನುಗಿ ಸಿಪಿವಿಸಿಗೆ ಇಳಿಯುತ್ತದೆ, ಇಳಿದ ಕಡೆ ಪೈಪ್ ಮೆತ್ತಗಾಗಬಹುದು ಅಥವಾ ಬಿರುಕು ಬಿಡಬಹುದು. ವೈರ್ ಒತ್ತಿದ ಗುರುತು ಅಂಟಂಟಾಗಿದ್ದರೆ ಅಷ್ಟು ತುಂಡು ತೆಗೆದುಹಾಕಿ. ಅಡುಗೆ ಎಣ್ಣೆ, ಗ್ರೀಸ್ ಕೂಡ ಸಿಪಿವಿಸಿಗೆ ಆಗಲ್ಲ. ಕಟ್ಟಲು ಹತ್ತಿ ಹಗ್ಗ ಸಾಕು.

ಮೂಗಿನ ನೇರ:

ರಾಸಾಯನಿಕ ಉಗ್ರಾಣ ನೋಡಿಕೊಳ್ಳುವುದು ನನ್ನ ಕೆಲಸ. ಪೈಪ್ ಬಾಗಿದ್ದಕ್ಕಿಂತ ಆ ಡಬ್ಬಿಗಳು ಎಲ್ಲಿವೆ ಅನ್ನುವುದೇ ನನಗೆ ದೊಡ್ಡ ಚಿಂತೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಲ್ವೆಂಟ್ ಸಿಮೆಂಟ್ ಅನ್ನು ನಾವು ಸುಮ್ನೆ ಗಮ್, ಸಲ್ಯೂಷನ್ ಅಂದುಬಿಡುತ್ತೇವೆ. ಅದು ಗೋಂದಿನ ಹಾಗೆ ಅಂಟಿಸುವ ವಸ್ತು ಅಲ್ಲ. ಪೈಪ್‌ನ ಮೇಲ್ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಆ ಕೆಲಸ ಮಾಡುವುದು ಅದರಲ್ಲಿರುವ ದ್ರಾವಕಗಳು: ಟೆಟ್ರಾಹೈಡ್ರೋಫ್ಯೂರಾನ್, ಮೀಥೈಲ್ ಈಥೈಲ್ ಕೀಟೋನ್, ಸೈಕ್ಲೋಹೆಕ್ಸನೋನ್, ಕೆಲವದರಲ್ಲಿ ಅಸಿಟೋನ್. ಇವುಗಳಲ್ಲಿ ಕರಗಿಸಿದ ಪಿವಿಸಿಯೇ ಆ ಮಂದ ದ್ರವ. ಡಬ್ಬಿ ಗಟ್ಟಿಯಾಯಿತು ಅಂದರೆ ದ್ರಾವಕ ಹಾರಿಹೋಯಿತು ಅಂತ ಅರ್ಥ. ಎಲ್ಲಿಗೆ ಹೋಯಿತು? ನಿಮ್ಮ ಶೆಡ್‌ನ ಗಾಳಿಗೆ. ನಿಮ್ಮ ತಲೆ ಭಾರಕ್ಕೆ ಕಾರಣ ಅಲ್ಲೇ ಹುಡುಕಿ.

ತಲೆನೋವು ಚಿಕ್ಕ ಸಮಸ್ಯೆ. ಟೆಟ್ರಾಹೈಡ್ರೋಫ್ಯೂರಾನ್‌ನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 14 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೈನಸ್ 14. ಅಂದರೆ ಮಂಜುಗಡ್ಡೆಗಿಂತ ತಣ್ಣಗಿದ್ದಾಗಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ನೆಲ ಹಿಡಿದು ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹತ್ತಡಿ ಆಚೆ ಕಿಡಿ ಹಾರಿದರೂ ಬೆಂಕಿ ಆವಿಯ ದಾರಿ ಹಿಡಿದು ಡಬ್ಬಿಗೆ ವಾಪಸ್ ಬರಬಹುದು.

ಈಗ ಫ್ರಿಜ್ ವಿಷಯ. ದಯವಿಟ್ಟು ಇಡಬೇಡಿ. ಮನೆ ಫ್ರಿಜ್‌ನ ಒಳಗೆ ದೀಪದ ಸ್ವಿಚ್ ಇದೆ, ಥರ್ಮೋಸ್ಟಾಟ್ ಇದೆ, ಎರಡೂ ಕಿಡಿ ಹಾರಿಸಬಲ್ಲವು. ಮುಚ್ಚಿದ ಪೆಟ್ಟಿಗೆ, ಒಳಗೆ ಸೋರುವ ಆವಿ, ಮೇಲೊಂದು ಸ್ವಿಚ್. ಆಹಾರದ ಪಕ್ಕ ಅದನ್ನು ಇಡುವುದು ಬೇರೆ ಮಾತು. ಬೇಕಾದ್ದು ಫ್ರಿಜ್‌ನ ಚಳಿ ಅಲ್ಲ, ನೆರಳು. ಹೆಚ್ಚಿನ ಡಬ್ಬಿಗಳ ಮೇಲೆ 4ರಿಂದ 43 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಿ ಅಂತ ಬರೆದಿರುತ್ತದೆ. ಬಿಸಿಲಿಗೆ ಕಾದ ತಗಡಿನ ಶೆಡ್ 43 ದಾಟುವುದು ಕಷ್ಟವೇನಲ್ಲ.

ಪ್ರೈಮರ್ ಹಾಕಿ ಕಲಸುವುದೂ ಬೇಡ, ಥಿನ್ನರ್ ಅಂತೂ ಬೇಡವೇ ಬೇಡ. ಪ್ರೈಮರ್‌ನಲ್ಲಿ ದ್ರಾವಕ ಇದೆ, ಪಿವಿಸಿ ಇಲ್ಲ. ಬೆರೆಸಿದರೆ ತೆಳ್ಳಗಾಗಿ ಕಾಣುತ್ತದೆ, ಆದರೆ ಸಂದು ತುಂಬುವ ಅಂಶ ಮತ್ತು ದ್ರಾವಕದ ಲೆಕ್ಕ ತಪ್ಪಿರುತ್ತದೆ. ಪೇಂಟ್ ಥಿನ್ನರ್‌ನಲ್ಲಿ ಏನೇನಿದೆಯೋ, ಪೈಪ್‌ಗೆ ಅದು ಹೇಳಿ ಮಾಡಿಸಿದ್ದಲ್ಲ. ಜೆಲ್ಲಿ ಆದ ಡಬ್ಬಿ ಮುಗಿಯಿತು. ಮಂದ ಆಗಿದೆ ಅಂದಿರಲ್ಲ, ಅದನ್ನು ಚೆನ್ನಾಗಿ ಅಲುಗಾಡಿಸಿ, ಬ್ರಷ್ ಎತ್ತಿ ನೋಡಿ. ಸರಾಗವಾಗಿ ಹರಿದರೆ, ಅವಧಿಯೂ ಮುಗಿದಿಲ್ಲದಿದ್ದರೆ ಬಳಸಿ. ಗಂಟುಗಂಟಾಗಿ, ದಾರದ ಹಾಗೆ ಎಳೆ ಬಂದರೆ ಬೇಡ.

ಡಬ್ಬಿ ಸರಿಯಾಗಿ ಎಲ್ಲಿಟ್ಟಿದ್ದೀರಿ, ಹತ್ತಿರದಲ್ಲಿ ಏನೇನಿದೆ ಹೇಳಿ.

ಅರ್ಧ ಇಂಚು:

ಮೇಡಂ, ಎಲ್ಲಾ ಕೈಗೆ ಸಿಗಲಿ ಅಂತ ಒಂದೇ ಮೂಲೆಯಲ್ಲಿಟ್ಟಿದ್ದೇನೆ. ಗೋಡೆಗೆ ಹಲಗೆ, ಅದರ ಮೇಲೆ ಡಬ್ಬಿ. ಕೆಳಗೆ ಇನ್ವರ್ಟರ್ ಬ್ಯಾಟರಿ, ಪಕ್ಕದಲ್ಲಿ ಮೋಟಾರ್ ಸ್ಟಾರ್ಟರ್. ಅದೇ ಹಲಗೆ ಮೇಲೆ ಟ್ಯಾಂಕ್ ಶುದ್ಧ ಮಾಡಲು ತಂದ ಕ್ಲೋರಿನ್ ಪುಡಿ ಅರ್ಧ ಡಬ್ಬಿ ಇದೆ. ಇಷ್ಟೇ.

ಮೂಗಿನ ನೇರ:

"ಇಷ್ಟೇ" ಅಂತೀರಲ್ಲ!

ಮೊದಲು ಬಾಗಿಲು, ಕಿಟಕಿ ಪೂರ್ತಿ ತೆರೆಯಿರಿ. ಗಾಳಿ ಆಡುವವರೆಗೆ ಸ್ಟಾರ್ಟರ್ ಒತ್ತಬೇಡಿ, ಲೈಟ್ ಸ್ವಿಚ್ ಮುಟ್ಟಬೇಡಿ, ಆವಿ ಹೊರಹಾಕಲು ಅಂತ ಒಳಗೆ ಟೇಬಲ್ ಫ್ಯಾನ್ ಹಾಕಬೇಡಿ, ಅದರ ಮೋಟಾರ್ ಕೂಡ ಕಿಡಿ ಹಾರಿಸಬಲ್ಲದು. ಬೀಡಿ ಸಿಗರೇಟು ಹೇಳಬೇಕಿಲ್ಲ. ಸ್ಟಾರ್ಟರ್ ಪ್ರತಿ ಸಲ ಕಟ್ ಆದಾಗ ಒಳಗೆ ಕಿಡಿ ಬರುವುದು ಸಹಜ. ಚಾರ್ಜ್ ಆಗುವ ಬ್ಯಾಟರಿ ತನ್ನ ಪಾಲಿಗೆ ಹೈಡ್ರೋಜನ್ ಬಿಡುತ್ತದೆ. ಇಷ್ಟು ದಿನ ಏನೂ ಆಗದಿದ್ದುದು ನಿಮ್ಮ ಪುಣ್ಯ.

ಕ್ಲೋರಿನ್ ಪುಡಿ ಇದಕ್ಕಿಂತ ಕೆಟ್ಟದ್ದು. ಅದು ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಬಲವಾದ ಆಕ್ಸಿಡೈಸರ್, ಅಂದರೆ ಬೇರೆ ವಸ್ತು ಉರಿಯಲು ನೆರವಾಗುವಂಥದ್ದು. ಸಾಲ್ವೆಂಟ್ ಸಿಮೆಂಟ್ ಅಥವಾ ಪ್ರೈಮರ್ ಅದರ ಮೇಲೆ ಚೆಲ್ಲಿದರೆ ಕಿಡಿಯೂ ಬೇಡ, ತಾನೇ ಕಾದು ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಎಷ್ಟೋ ಸಿಮೆಂಟ್ ಡಬ್ಬಿಗಳ ಮೇಲೆ ಈ ಎಚ್ಚರಿಕೆ ಬರೆದೇ ಇರುತ್ತದೆ, ಸಣ್ಣ ಅಕ್ಷರ ಅಂತ ನಾವು ಓದಲ್ಲ. ಪುಡಿಯನ್ನು ಬೇರೆ ಕಟ್ಟಡಕ್ಕೇ ಸಾಗಿಸಿ, ಒಣ ಜಾಗದಲ್ಲಿಡಿ. ಡಬ್ಬಿಗಳನ್ನು ಬೇರೆ ಕಡೆ. ಎರಡನ್ನೂ ಒಂದೇ ಕೈಯಲ್ಲಿ ಒಂದೇ ಸಲ ಒಯ್ಯಬೇಡಿ. ಹೊಸ ಲೈನ್ ಶುದ್ಧ ಮಾಡುವಾಗಲೂ ಒಣ ಪುಡಿಯನ್ನು ಪೈಪ್ ಒಳಗೆ ಸುರಿಯಬಾರದು. ಜಾಯಿಂಟ್ ಪೂರ್ತಿ ಒಣಗಿ, ಲೈನ್ ತೊಳೆದ ಮೇಲೆ, ನೀರಿನಲ್ಲಿ ಕರಗಿಸಿದ್ದನ್ನು ಬಿಡಬೇಕು.

ಡಬ್ಬಿ ಇಡುವ ಜಾಗ: ನೆರಳು, ಗಾಳಿ, ನೆಲಕ್ಕೆ ಹತ್ತಿರ. ಎತ್ತರದ ಹಲಗೆ ಬೇಡ, ಬಿದ್ದರೆ ಚೆಲ್ಲುತ್ತದೆ. ಚೆಲ್ಲಿದರೂ ಹಿಡಿದುಕೊಳ್ಳಲು ಕೆಳಗೊಂದು ಲೋಹದ ಟ್ರೇ. ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡಿ, ತೆರೆದ ದಿನಾಂಕ ಮುಚ್ಚಳದ ಮೇಲೆ ಬರೆಯಿರಿ. ಚೆಲ್ಲಿದರೆ ಮರಳು ಹಾಕಿ ಹೀರಿಸಿ, ಆ ಮರಳನ್ನು ಮುಚ್ಚಳ ಇರುವ ಲೋಹದ ಡಬ್ಬಿಗೆ ತುಂಬಿ. ಚರಂಡಿಗೆ ಬಿಡಬೇಡಿ. ಬೆಂಕಿ ಬಿದ್ದರೆ ನೀರು ಎರಚಬೇಡಿ, ಡ್ರೈ ಪೌಡರ್ ಅಥವಾ ಫೋಮ್ ನಂದಿಸುವ ಸಿಲಿಂಡರ್ ಬಾಗಿಲ ಬಳಿ ಇರಲಿ, ಒಳ ಮೂಲೆಯಲ್ಲಲ್ಲ.

ಜೆಲ್ಲಿ ಡಬ್ಬಿಯನ್ನು ಬೆಂಕಿಗೆ ಹಾಕಬೇಡಿ, ಖಾಲಿ ಡಬ್ಬಿಯನ್ನೂ ಹಾಕಬೇಡಿ, ಉಳಿದ ಆವಿಗೇ ಸಿಡಿಯುತ್ತದೆ. ಮುಚ್ಚಳ ಬಿಗಿದು ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಿ. ಪೈಪ್ ತುಂಡುಗಳನ್ನೂ ಸುಡಬೇಡಿ, ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಅದು ಗಂಟಲಿನ ತೇವಕ್ಕೆ ತಾಗಿದರೆ ಆಮ್ಲ.

ಸೋರುವ ನಲ್ಲಿ:

ಥಿನ್ನರ್ ಬಗ್ಗೆ ನಾನು ಹೇಳಿದ್ದು ತಪ್ಪು, ಒಪ್ಪಿದೆ. ಮಾಸ್ಕ್ ಮತ್ತು ಗ್ಲೌಸ್ ಹಾಕಿದರೆ ಸಾಕಲ್ವಾ? ನನ್ನ ಹತ್ತಿರ ಬಟ್ಟೆ ಮಾಸ್ಕ್ ಇದೆ.

ಮೂಗಿನ ನೇರ:

ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಯಾವುದೂ ಆವಿ ತಡೆಯಲ್ಲ. ಧೂಳು ಕಣ, ಇದು ಅನಿಲ. ಸಾವಯವ ಆವಿಗೆಂದೇ ಮಾಡಿದ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಅದಕ್ಕಿಂತ ಮೊದಲು ತೆರೆದ ಗಾಳಿ ಬೇಕು. ಟ್ಯಾಂಕ್ ಒಳಗೆ, ಗುಂಡಿಯಲ್ಲಿ ಕೆಲಸ ಇದ್ದರೆ ಒಬ್ಬರೇ ಇಳಿಯಬೇಡಿ. ಗ್ಲೌಸ್‌ನಲ್ಲೂ ಮೋಸ ಇದೆ. ತೆಳು ನೈಟ್ರೈಲ್ ಗ್ಲೌಸ್ ಈ ದ್ರಾವಕಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಲ್ಲ, ಚಿಮ್ಮಿದ್ದನ್ನು ತಡೆಯಲು ಪರವಾಗಿಲ್ಲ, ಒದ್ದೆಯಾದ ತಕ್ಷಣ ಬದಲಿಸಬೇಕು. ಕೈಗೆ ಅಂಟಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರು ಹರಿಸಿ, ನೇರ ಡಾಕ್ಟರ್ ಹತ್ತಿರ. ಮಕ್ಕಳು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.

ಹಳೇ ಹ್ಯಾಕ್ಸಾ:

ಮೇಡಂ ಬರೆದದ್ದನ್ನು ಮೊದಲು ಮಾಡಿ, ಪೈಪ್ ಆಮೇಲೆ.

ಕೆಲಸ ಶುರು ಮಾಡುವಾಗ ಎರಡು ಮೂರು ಮಾತು. ಗೋಣಿಚೀಲದ ಫಿಟ್ಟಿಂಗ್ ಸುರಿದು ಪಿವಿಸಿ, ಸಿಪಿವಿಸಿ ಬೇರೆ ಮಾಡಿ. ಸಲ್ಯೂಷನ್ ಕೂಡ ಬೇರೆ ಬೇರೆ, ಸಿಪಿವಿಸಿಗೆ ಸಿಪಿವಿಸಿಯದ್ದೇ. ಒಳಗಿನ ಧೂಳು, ನಾರು ಒಣ ಬಟ್ಟೆಯಲ್ಲಿ ಒರೆಸಿ. ಗಮ್ ಹಚ್ಚುವ ಮೊದಲು ಪೈಪ್ ಒಣದಾಗಿ ತೂರಿಸಿ ನೋಡಿ, ಸಾಕೆಟ್‌ನ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದ ನಡುವೆ ಎಲ್ಲೋ ಬಿಗಿಯಬೇಕು. ಸಲೀಸಾಗಿ ತಳಕ್ಕೆ ಹೋದರೆ ಆ ಫಿಟ್ಟಿಂಗ್ ಬೇಡ. ಪೈಪ್, ಫಿಟ್ಟಿಂಗ್, ಡಬ್ಬಿ ಮೂರನ್ನೂ ಸ್ವಲ್ಪ ಹೊತ್ತು ಒಂದೇ ನೆರಳಿನಲ್ಲಿಡಿ. ಬಿಸಿಲಲ್ಲಿ ಕಾದ ಪೈಪ್‌ಗೆ ಹಚ್ಚಿದರೆ ಕೂಡಿಸುವುದರೊಳಗೆ ಒಣಗಿರುತ್ತದೆ. ಜೊತೆಗೆ ಅಳತೆಯೂ ತಪ್ಪುತ್ತದೆ, 6 ಮೀಟರ್ ಪಿವಿಸಿ ಪೈಪ್ 30 ಡಿಗ್ರಿ ಬಿಸಿಯಾದರೆ ಸುಮಾರು ಒಂದು ಸೆಂಟಿಮೀಟರ್ ಉದ್ದ ಆಗುತ್ತದೆ.

ಜಾಯಿಂಟ್ ಆದ ಮೇಲೆ ಎರಡೂ ತುದಿಗೆ ಮುಚ್ಚಳ ಹಾಕಿ ಮನೆಗೆ ಹೋಗಬೇಡಿ. ಒಳಗೆ ಆವಿ ಉಳಿದರೆ ಪೈಪ್ ಮೆತ್ತಗಾಗುತ್ತದೆ, ಮರುದಿನ ಯಾರಾದರೂ ಅದರ ಪಕ್ಕ ಗ್ರೈಂಡರ್ ಹಿಡಿದರೆ ಕಥೆ ಬೇರೆ. ಟೆಸ್ಟ್ ಮಾಡುವಾಗ ನೀರು, ಯಾವಾಗಲೂ ನೀರು. ಕಂಪ್ರೆಸರ್ ಗಾಳಿ ತುಂಬಿದ ಪಿವಿಸಿ ಒಡೆದರೆ ಗಾಜಿನ ಹಾಗೆ ಚೂರು ಚಿಮ್ಮುತ್ತದೆ.

ಅರ್ಧ ಇಂಚು:

ಎರಡು ದಿನ ಆಯಿತು, ಸುದ್ದಿ ಹೇಳಿಬಿಡುತ್ತೇನೆ. ಕ್ಲೋರಿನ್ ಪುಡಿ ಬೇರೆ ಕಡೆ ಹೋಯಿತು. ಡಬ್ಬಿಗಳು ಜಾಲರಿ ಬಾಗಿಲಿನ ಕೋಣೆಯಲ್ಲಿ ಟ್ರೇ ಮೇಲೆ ಕೂತಿವೆ. ಮಂದ ಆಗಿದ್ದರಲ್ಲಿ ಬ್ರಷ್ ಎತ್ತಿದರೆ ದಾರ ದಾರ ಬಂತು, ಅದೂ ಜೆಲ್ಲಿಯ ಜೊತೆ ಸೇರಿತು. ಸೀಲ್ ಒಡೆಯದ್ದು ಅವಧಿಯೊಳಗಿದೆ. ಶೆಡ್‌ನಲ್ಲಿ ಈಗ ತಲೆ ಭಾರ ಆಗುತ್ತಿಲ್ಲ.

ಪೈಪ್ ತುದಿ ಕತ್ತರಿಸುವಾಗ 3 ಪೈಪ್‌ನಲ್ಲಿ ಬಿರುಕು ಸಿಕ್ಕಿತು. ಸಿಪಿವಿಸಿಯಲ್ಲಿ ವೈರ್ ಗುರುತು ಎರಡು ಕಡೆ ಅಂಟಂಟಾಗಿತ್ತು, ಅಷ್ಟು ತೆಗೆದೆ. ಹ್ಯಾಕ್ಸಾ ಅಣ್ಣ, ಕೊನೆಯದಾಗಿ ಒಂದೇ ಪ್ರಶ್ನೆ: ಚೀಲದ ತಳದಲ್ಲಿ ಜಾಯಿಂಟ್‌ನ ರಬ್ಬರ್ ರಿಂಗ್ ಹತ್ತು ಸಿಕ್ಕಿವೆ, ಗ್ರೀಸ್ ಹಚ್ಚಿ ಎತ್ತಿಡಲಾ?

ಹಳೇ ಹ್ಯಾಕ್ಸಾ:

ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳಬಹುದು. ಹಿಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡದ್ದನ್ನು ಎಸೆಯಿರಿ. ಉಳಿದದ್ದನ್ನು ಒರೆಸಿ, ಮೊಳೆಗೆ ನೇತುಹಾಕದೆ, ಬೆಳಕು ಬೀಳದ ಡಬ್ಬಿಯಲ್ಲಿ ಚಪ್ಪಟೆಯಾಗಿ ಇಡಿ. ಆ ಮೋಟಾರ್ ಹತ್ತಿರ ಮಾತ್ರ ಬೇಡ, ಅಲ್ಲಿ ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.